ಮನೆಯೊಳಗೆ ಮಾತ್ರ ತೆರೆಯುವ ಪುಟ

ಮಾರ್ಚ್ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಐದು ತಿಂಗಳು. ಐದು ತಿಂಗಳಿಗೆಲ್ಲ ಯಾರಾದರೂ ಕೇಕ್ ತರುತ್ತಾರೆಯೇ? ನನ್ನವರು ತಂದರು. ಮೂಲೆಯ ಬೇಕರಿಯಿಂದ, ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು. ಮನೆ ಸೇರುವಷ್ಟರಲ್ಲಿ ಅದು ಒಂದು ಪಕ್ಕಕ್ಕೆ ವಾಲಿ ಮೇಲಿದ್ದ ಚೆರ್ರಿ ಕೆಳಗಾಗಿತ್ತು. ಅತ್ತೆ ಡಬ್ಬಿಯೊಳಗೆ ಇಣುಕಿ, "ಏನೂ ಆಗಿಲ್ಲ, ಸುಸ್ತಾಗಿ ಮಲಗಿದೆ ಅಷ್ಟೆ, ಏಳಿಸಿ ತಿನ್ನೋಣ" ಅಂದರು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು.

ಇಂಥ ಖುಷಿಯನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೇ ಈ ಡೈರಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಬರೆದರೆ ನನ್ನ ಒತ್ತಕ್ಷರಗಳು ಗೆರೆ ಬಿಟ್ಟು ಕೆಳಗೆ ಜೋತಾಡುತ್ತವೆ. ಆದರೂ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಖುಷಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಶುಭಾಶಯದ ಕಾರ್ಡು ಓದಿದ ಹಾಗೆ ಕೇಳಿಸುತ್ತದೆ.

ನನ್ನವರದು ಆಫೀಸುಗಳಿಗೆ ಇಂಟರ್‌ನೆಟ್ ವೈರು ಎಳೆಯುವ, ಕೆಟ್ಟರೆ ಸರಿಮಾಡುವ ಕೆಲಸ. ನನ್ನನ್ನು 'ರೇಡಿಯೋ' ಎಂದು ಕರೆಯುತ್ತಾರೆ. ಆಫ್ ಮಾಡುವ ಸ್ವಿಚ್ಚು ಎಲ್ಲಿದೆ ಎಂದು ಐದು ತಿಂಗಳಿಂದ ಹುಡುಕುತ್ತಿದ್ದಾರಂತೆ. ನಾನು ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಮಾತಾಡುವುದಕ್ಕೇ ನನಗೆ ಸಂಬಳ. ಅತ್ತೆ ಹೊಲಿಗೆಯವರು. ಈಗ ಮಂಡಿ ನೋವು, ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದಾರೆ.

ಆದರೆ ಅತ್ತೆಯ ನಿಜವಾದ ಕೆಲಸ ಶನಿವಾರ ಮಧ್ಯಾಹ್ನ. ಅಂದು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮೊಬೈಲಿನ ಮುಂದೆ ಕೂತು ಒಂದು ಕತೆ ಹೇಳುತ್ತಾರೆ. ಕೋಟಿನಿಂದ ಕಿತ್ತುಕೊಂಡು ಓಡಿಹೋದ ಒಂದು ಗುಂಡಿಯ ಕತೆ. ವಾರಕ್ಕೊಂದು ಕಡೆ ಉರುಳಿಕೊಂಡು ಹೋಗುತ್ತದೆ, ಕೋಟು ಇನ್ನೂ ಕಾಯುತ್ತಿದೆ. ಅದನ್ನು ಅವರ ವೆಬ್‌ಸೈಟಿಗೆ ಹಾಕುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟವರು ಭಾವ, ನನ್ನವರ ಅಣ್ಣ. ಅವರು ತೀರಿಕೊಂಡು ಮೂರು ವರ್ಷ. ಆಸ್ಪತ್ರೆಯಲ್ಲಿ ಆ ದಿನ ಅತ್ತೆ ಭಾವನ ಹೆಂಡತಿಗೆ ಒಂದು ಮಾತು ಅಂದುಬಿಟ್ಟರಂತೆ: ನನ್ನ ಮಗನ್ನ ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು. ಆ ಅಕ್ಕ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದರು. ಮಗು ಕತೆ ಕೇಳಲಿ, ಫೋನ್ ಬೇಡ, ಭೇಟಿ ಬೇಡ ಅಂದರು. ಅಷ್ಟೇ ಒಪ್ಪಂದ. ಆ ಮಗುವೇ ಬಟಾಣಿ. ಈಗ ಏಳು ವರ್ಷ.

ಮೊನ್ನೆ ನನ್ನಿಂದ ಒಂದು ಅನಾಹುತವಾಯಿತು. ಅತ್ತೆ ಕತೆಯ ನಡುನಡುವೆ ನಿಲ್ಲಿಸುತ್ತಾರೆ. ಕತೆ ಕೇಳುವವರು 'ಹೂಂ' ಅನ್ನಬೇಕಲ್ಲ, ಆ ಜಾಗ ಅದು. ನನಗೆ ತಡೆಯಲಾಗದೆ ಹೂಂ ಅಂದುಬಿಟ್ಟೆ. ಅತ್ತೆ ರೆಕಾರ್ಡಿಂಗ್ ನಿಲ್ಲಿಸಿ, ಗದರಿಸದೆ, ಮೆತ್ತಗೆ ಹೇಳಿದರು. "ಆ ಜಾಗ ನಿಂದಲ್ಲ ಕಣೇ. ಅದು ಬಟಾಣೀದು."

ಎಷ್ಟು ಮುದ್ದಾದ ಮನೆಗೆ ಬಂದು ಬಿದ್ದಿದ್ದೇನೆ ನಾನು.

ಮಾರ್ಚ್ 6, ಗುರುವಾರ

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅತ್ತೆಯ ಗುಂಡಿಯನ್ನು ಹೊಗಳಿ ಹೊಗಳಿ ಎಲ್ಲರಿಗೂ ಕುತೂಹಲ ಹುಟ್ಟಿಸಿದೆ. ಕಣ್ಣು ಪರೀಕ್ಷೆ ಮಾಡುವ ಮೇಡಂ ತಮ್ಮ ಮೊಬೈಲಿನಲ್ಲಿ ಹೆಸರು ಹಾಕಿದರು. ಬರಲಿಲ್ಲ. ನನ್ನದರಲ್ಲಿ ಹಾಕಿದೆ. ಬರಲಿಲ್ಲ. ಗಾಜು ಉಜ್ಜುವ ಲೆನ್ಸ್ ಅಣ್ಣ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿ, "ಇಂಥ ವಿಳಾಸವೇ ಇಲ್ಲ ಅಂತಿದೆಯಲ್ಲಮ್ಮ" ಅಂದ.

"ಇದೆ ಅಣ್ಣ. ದಿನಾ ಕೇಳ್ತೀನಿ."

"ನಿಮ್ಮತ್ತೆ ಹೊಸಿಲು ದಾಟದ ಪೈಕಿ ಇರಬೇಕು."

ಮೇಡಂ ನಕ್ಕರು. ನನಗೆ ಅವಮಾನವಾಯಿತು. ಎಷ್ಟೆಂದರೆ, ಸಂಜೆ ಬಂದವರೊಬ್ಬರಿಗೆ ಓದುವ ಕನ್ನಡಕದ ಬದಲು ಬಿಸಿಲಿನ ಕನ್ನಡಕ ಕೊಟ್ಟು ಕಳಿಸುವುದರಲ್ಲಿದ್ದೆ.

ಮನೆಗೆ ಬಂದು ಅದೇ ಮೊಬೈಲಿನಲ್ಲಿ ಅದೇ ಹೆಸರು ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು.

ಮಾರ್ಚ್ 7, ಶುಕ್ರವಾರ

ಇವತ್ತು ನಾನು ಪತ್ತೇದಾರಿ. ಅತ್ತೆಯ ಕತೆ ಹಾಕಿಕೊಂಡು ಮನೆ ತುಂಬ ಓಡಾಡಿದೆ. ಅಡುಗೆಮನೆಯಲ್ಲಿ ತೆರೆಯುತ್ತದೆ. ಮೆಟ್ಟಿಲ ಕೆಳಗೆ, ವೆಬ್‌ಸೈಟಿನ ಪುಟ್ಟ ಕಂಪ್ಯೂಟರು ಊಟದ ಡಬ್ಬಿಯ ಹಾಗೆ ಕೂತಿರುವಲ್ಲಿ, ತೆರೆಯುತ್ತದೆ. ಗೇಟಿನ ಹತ್ತಿರವೂ ತೆರೆಯುತ್ತದೆ. ಮನೆಯ ವೈಫೈ ತಪ್ಪಿ ಬೇಕರಿಯ ಮುಂದೆ ನಿಂತರೆ ಇಲ್ಲ. ಮೊಬೈಲ್ ಕೈಯಲ್ಲಿ ಹಿಡಿದು ಗೇಟಿಗೂ ಬೇಕರಿಗೂ ನಾನು ಓಡಾಡುವುದನ್ನು ನೋಡಿ ಬೇಕರಿಯವರು, "ಏನಾದರೂ ಬಿತ್ತೇನಮ್ಮ?" ಎಂದು ಕೇಳಿದರು.

ನನ್ನವರಿಗೆ ಹೇಳಿದೆ. "ನಿನ್ನ ಮೊಬೈಲ್ ಕಂಪನಿಯದು ಏನೋ ಎಡವಟ್ಟು, ಬಿಡು ರೇಡಿಯೋ" ಎಂದು ತಲೆಯ ಮೇಲೆ ಮೊಟಕಿದರು. ಊರಿನ ಅರ್ಧ ಆಫೀಸುಗಳ ನೆಟ್ ಸರಿಮಾಡುವವರು ಬಿಡು ಅಂದ ಮೇಲೆ ಮುಗಿಯಿತಲ್ಲ. ಬಿಟ್ಟೆ.

ಮಾರ್ಚ್ 8, ಶನಿವಾರ

ಬಿಡಲಾಗಲಿಲ್ಲ.

ಕತೆ ಹಾಕಿದ ಮೇಲೆ ಅತ್ತೆ ನನ್ನನ್ನು ಕರೆದರು. ಪ್ರತಿ ಕತೆಯ ಕೆಳಗೂ ಒಂದು ಕಿವಿಯ ಚಿತ್ರ, ಪಕ್ಕದಲ್ಲಿ ಎಷ್ಟು ಜನ ಕೇಳಿದರು ಎಂಬ ಸಂಖ್ಯೆ. ಹೋದ ವಾರದ ಕತೆಗೆ ಮೂರು.

"ನೋಡು" ಅಂದರು ಅತ್ತೆ. "ಒಂದು ನಾನು. ಸರಿ ಬಂದಿದೆಯಾ ಅಂತ ಕೇಳ್ತೀನಿ. ಇನ್ನೊಂದು ನೀನು, ಬೀನ್ಸ್ ಬಿಡಿಸುವಾಗ. ಮೂರನೆಯದು?" ಹುಬ್ಬು ಹಾರಿಸಿ ನಕ್ಕರು. ಶಾಲೆಯ ಹುಡುಗಿ ಚಾಕಲೇಟು ಬಚ್ಚಿಟ್ಟುಕೊಂಡ ಹಾಗಿತ್ತು ಆ ಮುಖ. "ಪ್ರತಿ ವಾರ ಮೂರು. ಒಂದು ವಾರವೂ ತಪ್ಪಿಸಿಲ್ಲ ನನ್ನ ಕೂಸು."

ಊಟಕ್ಕೆ ಕೂತಾಗ, ಅತ್ತೆ ಕೈ ತೊಳೆಯಲು ಎದ್ದ ಮೇಲೆ, ಇವರನ್ನು ಕೇಳಿದೆ. "ರೀ, ನೀವು ಕತೆ ಕೇಳ್ತೀರಾ?"

ಇವರ ಕಿವಿ ಕೆಂಪಾಯಿತು. "ಶೇವ್ ಮಾಡ್ಕೊಳ್ಳುವಾಗ. ಯಾರಿಗೂ ಹೇಳಬೇಡ. ಚಿಕ್ಕವರಿದ್ದಾಗ ನಂಗೂ ಅಣ್ಣಂಗೂ ಇದೇ ಗುಂಡಿ ಕತೆ ಹೇಳೋರು."

"ಪ್ರತಿ ವಾರ?"

"ಹೂಂ. ಯಾಕೆ?"

ನಾನು ಬೆರಳು ಮಡಿಸಿ ಎಣಿಸಿ ತೋರಿಸಿದೆ. ಅತ್ತೆ, ನಾನು, ನೀವು. ಇವರು ಬಾಯಿಗೆ ಹಾಕಿಕೊಂಡದ್ದನ್ನು ಅಗಿಯುವುದನ್ನೇ ಮರೆತು ಕೂತರು.

ಮಾರ್ಚ್ 9, ಭಾನುವಾರ

ಅತ್ತೆ ತರಕಾರಿಗೆ ಹೋದಾಗ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಇವರು ವಿವರಿಸಿದ್ದನ್ನು ಅರ್ಥವಾದಷ್ಟು ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ನಾವು ವೆಬ್‌ಸೈಟಿನ ಹೆಸರು ಹಾಕುತ್ತೇವೆ. ಆದರೆ ಯಂತ್ರಗಳಿಗೆ ಬೇಕಾದದ್ದು ಹೆಸರಲ್ಲ, ನಂಬರು. ಹೆಸರು ಕೊಟ್ಟರೆ ನಂಬರು ಹೇಳುವುದಕ್ಕೆ ಡಿಎನ್‌ಎಸ್ ಎಂಬ ಡೈರೆಕ್ಟರಿ ಇದೆ, ಯಾರು ಬೇಕಾದರೂ ಕೇಳಬಹುದಾದ ಸಾರ್ವಜನಿಕ ಡೈರೆಕ್ಟರಿ. ಇವರು ಅಂಥ ಮೂರು ಕಡೆ ಅತ್ತೆಯ ಹೆಸರು ಕೊಟ್ಟು ಕೇಳಿದರು. ಮೂರೂ ಕಡೆ, ಗೊತ್ತಿಲ್ಲ. ಕೊನೆಗೆ ನಮ್ಮ ಮನೆಯ ವೈಫೈ ಡಬ್ಬಿಯನ್ನು ಕೇಳಿದರು. ಅದು ತಕ್ಷಣ ಹೇಳಿತು.

"ನಮ್ಮ ಡಬ್ಬಿಗೆ ಮಾತ್ರ ಹೇಗೆ ಗೊತ್ತು?" ಅಂದೆ.

ಇವರು ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದರು.

"ನಾನೇ ಅದರಲ್ಲಿ ಬರೆದಿದ್ದೀನಿ."

ನಮ್ಮ ಮದುವೆಗೆ ಇಂಟರ್‌ನೆಟ್ಟಿನಲ್ಲಿ ಒಂದು ಆಹ್ವಾನದ ಪುಟ ಬೇಕು ಎಂದು ಹಟ ಹಿಡಿದವಳು ನಾನು. ಗುಲಾಬಿ ದಳಗಳು ಮೇಲಿನಿಂದ ಉದುರುತ್ತಿರಬೇಕು, ನಡುವೆ ಬಳುಕುವ ಇಂಗ್ಲಿಷ್ ಅಕ್ಷರದಲ್ಲಿ ನಮ್ಮಿಬ್ಬರ ಹೆಸರು, ದಿನಾಂಕ. ಫೋಟೊ ಬೇಡ, ಸಸ್ಪೆನ್ಸ್ ಇರಲಿ ಅಂದಿದ್ದೆ. ಹೊಸ ಹೆಸರು ಕೊಳ್ಳುವುದೇಕೆ ಎಂದು ಇವರು ಅತ್ತೆಯ ವೆಬ್‌ಸೈಟಿನ ಹೆಸರನ್ನೇ ಒಂದು ತಿಂಗಳ ಮಟ್ಟಿಗೆ ಆ ಗುಲಾಬಿ ಪುಟದ ಕಂಪನಿಗೆ ತಿರುಗಿಸಿದರು. ಮನೆಯಲ್ಲಿ ಅಮ್ಮನಿಗೆ ಗಲಿಬಿಲಿಯಾಗಬಾರದು, ಅವರಿಗೆ ಕತೆಗಳೇ ಕಾಣಲಿ ಎಂದು ಮನೆಯ ಡಬ್ಬಿಯಲ್ಲಿ ಒಂದು ಸಾಲು ಬರೆದರು: ಈ ಹೆಸರು ಕೇಳಿದರೆ ಹೊರಗೆ ಹೋಗಬೇಡ, ಮೆಟ್ಟಿಲ ಕೆಳಗಿನ ಕಂಪ್ಯೂಟರಿಗೇ ಕಳಿಸು. ಮದುವೆ ಮುಗಿದ ಮೇಲೆ ಹೆಸರನ್ನು ವಾಪಸು ತಿರುಗಿಸಬೇಕಿತ್ತು. ಮರೆತರು. ತಿಂಗಳು ತುಂಬಿದಾಗ ಆ ಕಂಪನಿ ಗುಲಾಬಿಯನ್ನು ಅಳಿಸಿತು. ಅಲ್ಲಿಂದಾಚೆಗೆ ಲೋಕಕ್ಕೆ ಆ ಹೆಸರೇ ಇಲ್ಲ. ನಮಗೆ ಮಾತ್ರ ದಿನಾ ತೆರೆಯುತ್ತಿತ್ತು. ತೆರೆಯುತ್ತಿರುವುದನ್ನು ಯಾರು ರಿಪೇರಿ ಮಾಡುತ್ತಾರೆ?

"ಒಂದು ಸಲ ಹೊರಗಿನಿಂದ ನೋಡಿದ್ರೆ ಸಾಕಿತ್ತು. ಬೇರೆಯವರ ಆಫೀಸಿಗೆ ಹೋದ್ರೆ ನಾನು ಮೊದಲು ಮಾಡೋ ಕೆಲಸ ಅದೇ" ಅಂದರು ಇವರು.

ಮದುವೆಗೆ ಮುಂಚಿನಿಂದಲೂ ಬಟಾಣಿ ಒಂದೇ ಒಂದು ಕತೆ ಕೇಳಿಲ್ಲ.

ಮಾರ್ಚ್ 10, ಸೋಮವಾರ

ಇವರ ಜೊತೆ ಮಾತಾಡಲಿಲ್ಲ. ನನ್ನ ಜೊತೆಗೂ ಮಾತಾಡಿಕೊಳ್ಳಲಿಲ್ಲ.

ಮಾರ್ಚ್ 12, ಬುಧವಾರ

ಸರಿಹೋಯಿತು. ಇವರು ಸೋಮವಾರವೇ ಹೆಸರನ್ನು ವಾಪಸು ತಿರುಗಿಸಿದ್ದರು. ಲೋಕದ ಡೈರೆಕ್ಟರಿಗಳೆಲ್ಲ ಹಳೆಯ ಉತ್ತರ ಮರೆಯಲು ಒಂದೆರಡು ದಿನ ಬೇಕು ಅಂದಿದ್ದರು. ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ಹೆಸರು ಹಾಕಿದೆ. ಅತ್ತೆ ಮಾತಾಡಿದರು. ಕನ್ನಡಕಗಳ ಗಾಜಿನ ಕಪಾಟುಗಳ ನಡುವೆ ಅತ್ತೆಯ ದನಿ. ಲೆನ್ಸ್ ಅಣ್ಣ ಮೆಷಿನ್ ನಿಲ್ಲಿಸಿ ಬಂದು ನಿಂತ. ಗುಂಡಿ ಚರಂಡಿಯ ಅಂಚಿಗೆ ಬಂದಾಗ ಕತೆ ನಿಂತಿತು, ಆ ಖಾಲಿ ಜಾಗದಲ್ಲಿ ಅವನು ತಾನಾಗಿಯೇ "ಹೂಂ" ಅಂದ. ಆಮೇಲೆ ನಾಚಿಕೊಂಡು, "ದಾಟಿಬಿಟ್ರಲ್ಲ ನಿಮ್ಮತ್ತೆ ಹೊಸಿಲನ್ನ" ಅಂದ.

ಅಮ್ಮನಿಗೆ ಏನೂ ಹೇಳುವುದು ಬೇಡ, ಇನ್ನು ಮೇಲೆ ಮೂರರ ಬದಲು ನಾಲ್ಕಾಗುತ್ತದೆ ಅಷ್ಟೆ ಎಂದು ಇವರು ಬೇಡಿಕೊಂಡಿದ್ದಾರೆ. ಆದರೆ ಸರಿಹೋಗಿದೆ ಎಂದು ಬಟಾಣಿಗೆ ಗೊತ್ತಾಗುವುದು ಹೇಗೆ? ಯಾರಾದರೂ ಹೇಳಬೇಕಲ್ಲ. ಇವರ ಮೊಬೈಲಿನಲ್ಲಿ ಅಕ್ಕನ ನಂಬರಿದೆ. ನಾಳೆ ನಾನೇ ಮಾಡುತ್ತೇನೆ. ಎಷ್ಟು ಖುಷಿಪಡುತ್ತದೋ ಮಗು. ಇಪ್ಪತ್ತಕ್ಕೂ ಹೆಚ್ಚು ಕತೆಗಳು ಒಟ್ಟಿಗೆ ಸಿಗುತ್ತವೆ. ಯೋಚಿಸಿದರೇ ನನಗೆ ಕುಣಿಯುವ ಹಾಗಾಗುತ್ತದೆ.

ಮಾರ್ಚ್ 13, ಗುರುವಾರ

ಅಂಗಡಿಯ ಹಿಂದಿನ ಕೋಣೆಯಲ್ಲಿ, ಫ್ರೇಮುಗಳ ಪೆಟ್ಟಿಗೆಗಳ ಮೇಲೆ ಕೂತು ಮಾಡಿದೆ.

"ಅಕ್ಕಾ, ನಾನು ನಿಮ್ಮ ಮೈದುನನ ಹೆಂಡತಿ."

"ಓ, ಗುಲಾಬಿ ಹುಡುಗಿ" ಅಂದರು.

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಡಬ್ಬಿ, ಡೈರೆಕ್ಟರಿ, ಮೂರು ಕಿವಿ. ನಾನು ಮುಗಿಸಿದ ಮೇಲೆ ಅವರು ಹೇಳಿದ್ದು ಇದು. ನೆನಪಿರುವ ಹಾಗೇ ಬರೆಯುತ್ತೇನೆ.

"ಅವಳು ಪ್ರತಿ ಭಾನುವಾರ ಬೆಳಿಗ್ಗೆ ಹಾಸಿಗೆಯಲ್ಲೇ ಕೂತು ಕೇಳ್ತಿದ್ಲು. ಹಲ್ಲೂ ಉಜ್ಜದೆ, ಹೂಂ ಹೂಂ ಅಂತ. ಒಂದು ಭಾನುವಾರ ತೆಗೆದ್ರೆ ಅಜ್ಜಿ ದನಿ ಇಲ್ಲ. ಬರೀ ಹೂವು ಬೀಳ್ತಿದೆ. 'ಅಪ್ಪನ ಮೇಲೂ ಹೀಗೇ ಹೂವು ಹಾಕಿದ್ರಲ್ಲಮ್ಮ' ಅಂದ್ಲು. ನಾನು ಆ ಅಕ್ಷರ ಓದ್ತಾ ಇದ್ದೆ. ಮದುವೆ ಅಂತ ಗೊತ್ತಾಯ್ತು. ನಂಗೊಂದು ಮಾತು ಹೇಳದ ಮದುವೆ. ಮೈಯೆಲ್ಲ ಉರೀತಿತ್ತು. 'ಅಜ್ಜೀನೂ ಹೋದ್ರಾ?' ಅಂತ ಕೇಳಿದ್ಲು. ಹೂಂ ಅಂದುಬಿಟ್ಟೆ."

ನಾನು ಏನೋ ಅನ್ನಲು ಹೋದೆ. ಅಕ್ಕ ಬಿಡಲಿಲ್ಲ.

"ಮಾರನೇ ದಿನ ಸರಿಮಾಡಬೇಕು ಅಂದ್ಕೊಂಡೆ. ಅವಳು ಅತ್ತು ಅತ್ತು ಜ್ವರ ಬಂದು ಮಲಗಿದ್ಲು. ಆಮೇಲೆ ಆ ಹೂವೂ ಹೋಯ್ತು. ಏನೂ ಇಲ್ಲದ್ದನ್ನ ತೋರಿಸಿ, ಇಲ್ಲ ಕಂದ, ಬದುಕಿದ್ದಾರೆ ಅಂತ ಹೇಗೆ ಹೇಳಲಿ? ಈಗ ಒಂದು ದಾರಿಗೆ ಬಂದಿದ್ದಾಳೆ. ಕೆದಕಬೇಡ ತಂಗಿ."

ಫೋನ್ ಇಡುವ ಮುಂಚೆ ಕೇಳಿದರು. "ಅತ್ತೆ ಮಂಡಿ ಹೇಗಿದೆ?"

ಮಾರ್ಚ್ 14, ಶುಕ್ರವಾರ

ತಲೆನೋವು ಎಂದು ಹೇಳಿ ಮಲಗಿದ್ದೆ. ಅತ್ತೆ ಬಂದು ಹಣೆ ಮುಟ್ಟಿ ನೋಡಿ, ಕಿಟಕಿಯ ಪರದೆ ಎಳೆದು ಹೋದರು.

ಗುಲಾಬಿ ಯಾವ ಬಣ್ಣದ್ದಿರಲಿ ಎಂದು ನಾನು ಒಂದು ಸಂಜೆಯೆಲ್ಲ ಇವರ ತಲೆ ತಿಂದಿದ್ದೆ.

ಮಾರ್ಚ್ 15, ಶನಿವಾರ

ಫ್ಯಾನ್ ನಿಲ್ಲಿಸಿದರು. ಮೊಬೈಲನ್ನು ದಾರದುಂಡೆಗೆ ಒರಗಿಸಿ ಇಟ್ಟರು. ಗುಂಡಿ ಒಂದು ಬಸ್ಸಿನ ಸೀಟಿನ ಸಂದಿಗೆ ಬಿದ್ದಿತ್ತು. ಅತ್ತೆ ನಿಲ್ಲಿಸಿದರು, ಬಟಾಣಿಯ ಹೂಂ ಬರುವಷ್ಟು ಹೊತ್ತು. ಆ ಖಾಲಿ ಜಾಗದಲ್ಲಿ ನಾನು ಅತ್ತುಬಿಟ್ಟೆ. ತಡೆಯಲಾಗಲಿಲ್ಲ.

ಅತ್ತೆ ರೆಕಾರ್ಡಿಂಗ್ ನಿಲ್ಲಿಸಿದರು. "ಅವನೇನಾದ್ರೂ ಅಂದ್ನಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ಬಟಾಣಿ ವಿಷಯ. ವಾರದಿಂದ ಇಬ್ರೂ ನನ್ನ ಮುಖ ನೋಡ್ತಿಲ್ಲ."

ಹೇಳಿದೆ. ಎಲ್ಲವನ್ನೂ. ಇವರು ಬೇಡ ಅಂದಿದ್ದನ್ನೂ, ಅಕ್ಕ ಹೂಂ ಅಂದದ್ದನ್ನೂ. ಮಂಡಿ ಹೇಗಿದೆ ಎಂದು ಕೇಳಿದ್ದನ್ನೂ ಹೇಳಿದೆ, ಅದನ್ನು ಯಾಕೆ ಸೇರಿಸಿದೆನೋ.

ಅತ್ತೆ ದಾರದುಂಡೆಯನ್ನು ಕೈಗೆತ್ತಿಕೊಂಡು ಬಿಚ್ಚಿಹೋಗಿದ್ದ ತುದಿಯನ್ನು ಸುತ್ತಿದರು. ಸುತ್ತಿ ಮುಗಿದ ಮೇಲೂ ಬೆರಳು ಸುತ್ತುತ್ತಲೇ ಇತ್ತು.

"ಈಗ ಹೊರಗೆಲ್ಲ ತೆರೆಯುತ್ತಾ?"

"ತೆರೆಯುತ್ತೆ ಅತ್ತೆ. ಎಲ್ಲಿ ಬೇಕಾದ್ರೂ."

"ಮುಚ್ಚಿಸು."

ನನಗೆ ಅರ್ಥವಾಗಲಿಲ್ಲ. "ಅವಳು ಯಾವತ್ತಾದ್ರೂ ಹಾಕಿ ನೋಡ್ತಾಳೆ ಅತ್ತೆ. ನೀವಿದ್ದೀರಿ ಅಂತ ಗೊತ್ತಾದ್ರೆ ಎಷ್ಟು ಖುಷಿಪಡ್ತಾಳೆ."

"ಪಡ್ತಾಳೆ. ಆಮೇಲೆ ಅಮ್ಮನ ಮುಖ ನೋಡ್ತಾಳೆ." ಅತ್ತೆಯ ದನಿ ಕತೆ ಹೇಳುವಾಗಿನ ಹಾಗೇ ಮೆತ್ತಗಿತ್ತು. "ಅಪ್ಪ ಇಲ್ಲ. ನಾನೂ ಇಲ್ಲ ಅಂತ ಅತ್ತು ಮುಗಿಸಿದ್ದಾಳೆ. ಇರೋದು ಅಮ್ಮ ಒಬ್ಬಳು. ಅವಳ ಮಾತನ್ನೇ ನಂಬೋ ಹಾಗಿಲ್ಲ ಅಂತಾದ್ರೆ ಆ ಕೂಸು ಎಲ್ಲಿಗೆ ಹೋಗಬೇಕು, ಹೇಳು."

"ಆದ್ರೆ ತಪ್ಪು ನಿಮ್ಮದಲ್ಲವಲ್ಲ ಅತ್ತೆ."

"ಆಸ್ಪತ್ರೆಯಲ್ಲಿ ಗಂಡನ್ನ ಕಳಕೊಂಡು ನಿಂತವಳಿಗೆ ನಾನು ಒಂದು ಮಾತಂದೆ. ಅವಳೂ ಸಿಟ್ಟಲ್ಲಿ ಒಂದು ಮಾತಂದ್ಲು. ನಂದೇ ದೊಡ್ಡ ಮಾತು."

ಎದ್ದು ಕಿಟಕಿ ತೆರೆದರು. ಹೊರಗೆ ನೋಡುತ್ತಲೇ ಹೇಳಿದರು. "ಹೆಸರನ್ನ ಮಾತ್ರ ಬಿಡಬೇಡಿ. ದೊಡ್ಡವಳಾಗಿ, ಅವಳಮ್ಮನೇ ಹೇಳಿದ ದಿನ, ಹುಡುಕಿಕೊಂಡು ಬರಲಿ. ನಾನಿರಲಿ ಬಿಡಲಿ, ನೀವು ತೆರೀರಿ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಗುಲಾಬಿ ಚೆನ್ನಾಗಿತ್ತು ಕಣೇ. ಪಕ್ಕದ ಮನೆಯವರ ಮೊಬೈಲಲ್ಲಿ ನೋಡಿದ್ದೆ" ಅಂದರು.

ಮಾರ್ಚ್ 17, ಸೋಮವಾರ

ಇವರು ಮುಚ್ಚಿದರು. ಐದು ನಿಮಿಷವೂ ಬೇಕಾಗಲಿಲ್ಲ. ಹೊರಗಿನ ಡೈರೆಕ್ಟರಿಯ ಸಾಲನ್ನು ಅಳಿಸಿದರು, ಮನೆಯ ಡಬ್ಬಿಯ ಸಾಲನ್ನು ಹಾಗೇ ಬಿಟ್ಟರು. ಹೆಸರನ್ನು ಮುಂದಿನ ಹತ್ತು ವರ್ಷಕ್ಕೆ ನಮ್ಮದೇ ಎಂದು ಕಾದಿರಿಸಿದರು. ಎಲ್ಲ ಮುಗಿಸಿ ಮೆಟ್ಟಿಲ ಮೇಲೆ, ಮಂಡಿಗೆ ಮುಖ ಒತ್ತಿ ಕೂತರು. ಬೆನ್ನು ಅಲುಗುತ್ತಿತ್ತು. ಹೋಗಿ ಪಕ್ಕದಲ್ಲಿ ಕೂತೆ. ಬೆನ್ನ ಮೇಲೆ ಕೈ ಇಟ್ಟೆ. ಹೋದ ಸೋಮವಾರ ಮಾತು ಬಿಟ್ಟ ಮೇಲೆ ಇವರನ್ನು ಮುಟ್ಟಿದ್ದು ಇವತ್ತೇ.

"ನನ್ನ ರೇಡಿಯೋ ಯಾಕೆ ಸುಮ್ಮನಿದೆ?" ಅಂದರು, ಮುಖ ಎತ್ತದೆ.

ನಾನು ಸುಮ್ಮನಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 19, ಬುಧವಾರ

ಅಂಗಡಿಯಲ್ಲಿ ಲೆನ್ಸ್ ಅಣ್ಣ ಕೇಳಿದ, ಮತ್ತೆ ಬರುತ್ತಿಲ್ಲವಲ್ಲ ಎಂದು. ಅತ್ತೆಗೆ ಹುಷಾರಿಲ್ಲ ಅಂದೆ. ಬೇರೇನೂ ಹೇಳಲಿಲ್ಲ.

ಮಾರ್ಚ್ 22, ಶನಿವಾರ

ಇವತ್ತು ಅತ್ತೆ ಕತೆ ಹೇಳಲಾರರು ಅಂದುಕೊಂಡು, ಮಧ್ಯಾಹ್ನ ಅವರ ಕೋಣೆಯ ಕಡೆ ಹೋಗಲೇ ಇಲ್ಲ. ಪಾತ್ರೆ ತೊಳೆಯುತ್ತಿದ್ದೆ. ಅಷ್ಟರಲ್ಲಿ ಕಿಟಕಿ ಮುಚ್ಚಿದ ಸದ್ದು. ಆಮೇಲೆ ಫ್ಯಾನ್ ನಿಧಾನವಾಗಿ ನಿಂತ ಸದ್ದು.

ಕೈ ಒರೆಸಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಬಾ ಎಂದು ಕಣ್ಣಲ್ಲೇ ಹೇಳಿದರು. ನೆಲದ ಮೇಲೆ, ಅವರ ಕಾಲಿನ ಹತ್ತಿರ ಕೂತೆ.

ಬಸ್ಸು ತೊಳೆಯುವವಳು ಸೀಟಿನ ಸಂದಿಯಿಂದ ಗುಂಡಿಯನ್ನು ಹೆಕ್ಕಿ, ತನ್ನ ಜೇಬಿಗೆ ಹಾಕಿಕೊಂಡಳು. ಜೇಬಿನಲ್ಲಿ ಕತ್ತಲು. ಗುಂಡಿಗೆ ತಾನು ಎಲ್ಲಿದ್ದೇನೆಂದು ಗೊತ್ತಿಲ್ಲ. ಕೋಟಿಗೆ ಗುಂಡಿ ಎಲ್ಲಿದೆಯೆಂದು ಗೊತ್ತಿಲ್ಲ. ಇಷ್ಟು ಹೇಳಿ ಅತ್ತೆ ನಿಲ್ಲಿಸಿದರು.

ಬಹಳ ಹೊತ್ತು ಏನೂ ಹೇಳಲಿಲ್ಲ. ಪ್ರತಿ ಸಲ ಬಿಡುವುದಕ್ಕಿಂತ ಹೆಚ್ಚು ಹೊತ್ತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ಹೋದ ಸಲದ ಹಾಗೆ ಕೆಡಿಸಬಾರದೆಂದು. ಆಮೇಲೆ ತಲೆ ಎತ್ತಿ ನೋಡಿದರೆ ಅತ್ತೆ ಮೊಬೈಲನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಕಾಯುತ್ತಿದ್ದರು.

"ಹೂಂ" ಅಂದೆ.

ಅತ್ತೆ ಕತೆ ಮುಂದುವರಿಸಿದರು.